ಹೋತ ಮಾರಿ ತಂದ ಡೈನಮೋ

“ದಬ್ಬರಲೇ ಸೂಳಿಮಕ್ಕಳ! ತಿಂದ ರೊಟ್ಟಿ ಎಲ್ಲಿ ಹೋತು?”

ಸಾವಕಾರ ಶ್ರೀಶೈಲಪ್ಪ ಲಾರಿಯ ಕ್ಯಾಬಿನ್ನಿನಿಂದ ಅರ್ಧ ಮೈ ಹೊರಹಾಕಿ ಬೈಯುತ್ತಿದ್ದ. ಹಿಂದೆ ಕಬ್ಬು ಕಡಿಯುವ ಗ್ಯಾಂಗಿನ ನಾವು, ಗಂಡಸರು ಹೆಂಗಸರೆಲ್ಲ ಹೆಗಲು ಕೊಟ್ಟಿದ್ದೆವು. ತೊಂಬತ್ತೆಂಟರ ಹಂಗಾಮು. ಲಾರಿಯ ಡೈನಮೋ ಕೆಟ್ಟು ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ದಬ್ಬಿದರಷ್ಟೇ ಇಂಜಿನ್ ಶುರುವಾಗುತ್ತಿತ್ತು. ಕೊಯ್ತಾ ಹಿಡಿದು ಕಬ್ಬಿಗೆ ಇಳಿಯುವ ಮೊದಲು ದಿನಾ ನಮ್ಮ ಕೆಲಸ ಅದೇ.

“ಹೊಸಾ ಡೈನಮೋ ಹಾಕಸ್ರಿ ಸಾವಕಾರ್ರ,” ಎಂದು ಡ್ರೈವರ್ ರಾಚಪ್ಪ ಎಷ್ಟೋ ಸಲ ಕೇಳಿದ್ದ.

“ಇಷ್ಟು ಪುಕ್ಕಟ ಡೈನಮೋ ಅದಾವಲ್ಲೋ ಹಿಂದ! ಇವಕ್ಕ ಬೆಲ್ಟ ಬ್ಯಾಡ, ವೈರ್ ಬ್ಯಾಡ.”

ಸಾವಕಾರ ನಕ್ಕ. ನಮ್ಮಲ್ಲೂ ಕೆಲವರು ನಕ್ಕರು.

ಒಂದು ಮುಂಜಾನೆ ಲಾರಿ ಹಿಂದಕ್ಕೆ ಉರುಳಿ, ನಮ್ಮ ಗ್ಯಾಂಗಿನ ಲಗಮವ್ವನ ತಮ್ಮ ಸೋಮಪ್ಪನ ಪಾದ ಗಾಲಿಯಡಿ ಸಿಕ್ಕಿತು. ಸಾವಕಾರ ಓಡಿಬಂದು ಬಗ್ಗಿ ನೋಡಿದ.

“ಟಾಯರಿಗೇನ ಆಗಿಲ್ಲಲಾ?”

ಮರುದಿನ ಲಗಮವ್ವ ಊರದೇವಿ ದುರ್ಗವ್ವನಿಗೆಂದು ಹರಕೆ ಬಿಟ್ಟಿದ್ದ ಹೋತದ ಕೊರಳಿಗೆ ಹಗ್ಗ ಹಾಕಿದಳು. ದೇವರ ಹೋತ ಮಾರುವುದೇ ಎಂದು ನಾವು ಹೆದರಿದೆವು.

“ಆಕಿಗೆ ಈ ವರ್ಸ ಕಾಯಿ ಒಡದ್ರ ಆತು. ದುರ್ಗವ್ವೇನ ಲಾರಿ ದಬ್ಬಾಕ ಬರ್ತಾಳನ?” ಎಂದಳು.

ಗೋಕಾಕ ಸಂತೆಯಲ್ಲಿ ಹೋತ ಮಾರಿ, ರಾಚಪ್ಪನನ್ನು ಕರೆದುಕೊಂಡು ವೈರಿಂಗ್ ಅಂಗಡಿಯ ಕೇದಾರಿಯ ಹತ್ತಿರ ಹೋದೆವು.

“ಹೊಸಾದು ಬೇಕಂದ್ರ ಜೋಡೆತ್ತ ಮಾರಬೇಕವಾ,” ಎಂದ ಕೇದಾರಿ. “ಹೋತಕ್ಕ ಇದ ಬರೂದು.”

ಮೂಡಲಗಿ ಹತ್ತಿರ ಪಲ್ಟಿಯಾಗಿ ಗುಜರಿ ಸೇರಿದ್ದ ಬಸ್ಸಿನ ಡೈನಮೋ ಅದು. ಲಾರಿಯದಕ್ಕಿಂತ ದೊಡ್ಡದು, ಕರೆಂಟೂ ಜಾಸ್ತಿ ಕೊಡುತ್ತಿತ್ತು. ಕೇದಾರಿ ಅದರ ಬೇರಿಂಗ್ ಬದಲಿಸಿದ. ರಾತ್ರಿ ಸಾವಕಾರನಿಗೆ ತಿಳಿಯದಂತೆ ಲಾರಿಗೆ ಕೂರಿಸಲು ಬಂದ; ತೂತು ಹೊಂದದಿದ್ದಾಗ ಮುರುಕು ಮಂಚದ ಪಟ್ಟಿ ಕತ್ತರಿಸಿ ಬೋಲ್ಟು ಹಾಕಿದ, ಬ್ಯಾಟರಿಯನ್ನೂ ಚಾರ್ಜ್ ಮಾಡಿಕೊಟ್ಟ.

ಬೆಳಿಗ್ಗೆ ರಾಚಪ್ಪ ಚಾವಿ ತಿರುವಿದ. ಲಾರಿ ತಾನಾಗಿ ಗುರ್ ಎಂದು ಹೊರಟೇಬಿಟ್ಟಿತು. ರೂಢಿಯಂತೆ ಹಿಂದೆ ಹೆಗಲು ಕೊಟ್ಟು ನಿಂತಿದ್ದ ನಾವೆಲ್ಲ ಧೂಳಿಗೆ ಬೋರಲು ಬಿದ್ದೆವು. ಬಿದ್ದಲ್ಲೇ ಹೊಟ್ಟೆ ಹಿಡಿದು ನಕ್ಕೆವು.

ಸಾವಕಾರ ನಗಲಿಲ್ಲ. “ಯಾರನ್ನ ಕೇಳಿ ನನ್ನ ಗಾಡಿ ಮುಟ್ಟಿದ್ರಿ? ಅದೂ ಹೋತದ ರೊಕ್ಕದ್ದು! ಮೈಲಿಗಿ!” ಅಯ್ಯನೋರನ್ನು ಕರೆಸಿದ. ಅಯ್ಯನೋರು ನಮ್ಮನ್ನು ದೂರ ಸರಿಸಿ, ಡೈನಮೋಗೆ ನೀರು ಚಿಮುಕಿಸಿ, ಮೂರು ಬೆರಳು ವಿಭೂತಿ ಎಳೆದರು. ಡೈನಮೋ ಶುದ್ಧವಾಯಿತು. ನಾವು ದೂರವೇ ಉಳಿದೆವು.

ಆಗ ಸಕ್ಕರೆ ಕಾರ್ಖಾನೆಯ ಡೈರೆಕ್ಟರ್ ಇಲೆಕ್ಷನ್; ಸಾವಕಾರನೂ ನಿಂತಿದ್ದ. ಕರೆಂಟು ಸಾಕಷ್ಟು ಸಿಗತೊಡಗಿದ ಮೇಲೆ ಸಾವಕಾರ ಕ್ಯಾಬಿನ್ನಿನ ನೆತ್ತಿಯ ಮೇಲೆ ತನ್ನದೇ ದೊಡ್ಡ ಫೋಟೋ ನಿಲ್ಲಿಸಿದ. ಅದರ ಸುತ್ತ ಕೆಂಪು ಹಸಿರು ದೀಪ ಓಡಾಡಿದವು. ದುರ್ಗವ್ವನ ಹೋತ ಸಾವಕಾರನ ಮೀಸೆ ಬೆಳಗಿತು.

ಒಂದು ಸಂಜೆ ಕಾರ್ಖಾನೆಗೆ ಕಬ್ಬು ಇಳಿಸಿ, ಲಾರಿ ಹತ್ತರಗಿಯ ಹೈವೇ ಬಾಜೂ ಚಹಾದಂಗಡಿಯ ಮುಂದೆ ನಿಂತಿತು. ನಮ್ಮೂರು ದಡ್ಡಿ ಇನ್ನೂ ದೂರ. ಕುಂತಲ್ಲೇ ಕಬ್ಬಿನ ಸಿವುಡು ಕಟ್ಟಲು ಬರುತ್ತಿದ್ದ ಸೋಮಪ್ಪನೂ ಲಾರಿಯ ಮೇಲಿದ್ದ.

“ಇಳೀರಿ ಎಲ್ಲಾರೂ,” ಎಂದ ಸಾವಕಾರ. “ದಬ್ಬತಿದ್ರಿ ಅಂತ ಹತ್ತಿಸ್ಕೊಂಡ ಹೋಗತಿದ್ದೆ. ಈಗ ಗಾಡಿ ತಾನ ಹೊಂಡತೈತಿ. ನಿಮ್ಮದೇನ ಕೆಲಸ? ನಡಕೋತ ಹೋಗ್ರಿ.”

“ತಮ್ಮನ ಕಾಲ ಬಾತೈತ್ರಿ,” ಎಂದಳು ಲಗಮವ್ವ.

“ಇನ್ನೊಂದ ಕಾಲ ಐತಲ್ಲ?”

ಅವನು ಮತದಾರರ ಜೊತೆ ಚಹಾ ಕುಡಿಯಲು ಒಳಗೆ ಹೋದ. ನಾವು ಸೋಮಪ್ಪನನ್ನು ಇಳಿಸಿಕೊಂಡೆವು. ಲಗಮವ್ವ ರಾಚಪ್ಪನನ್ನೇ ನೋಡುತ್ತಿದ್ದಳು. ರಾಚಪ್ಪ ಸೀಟಿನಡಿಯಿಂದ ಪಾನಾ ತೆಗೆದು ಬಾನೆಟ್ ಮೇಲಿಟ್ಟ.

“ನಾ ಉಚ್ಚಿ ಹೊಯ್ಯಾಕ ಹೋಗತೇನಿ. ನಾ ಏನೂ ನೋಡಿಲ್ಲ.”

ನಮ್ಮ ಉದ್ದಪ್ಪ ಬೋಲ್ಟು ಬಿಚ್ಚಿದ. ಬಿಸಿಯಾಗಿದ್ದ ಡೈನಮೋವನ್ನು ಲಗಮವ್ವ ಸೆರಗಿನಲ್ಲಿ ಹಿಡಿದು, ಸಿಂಬಿ ಮಾಡಿ, ತಲೆಯ ಮೇಲೆ ಹೊತ್ತಳು. ಹಣೆಗೆ ಗ್ರೀಸ್ ಇಳಿಯಿತು. ಸಾವಕಾರ ಚಹಾದ ಬಸಿ ಹಿಡಿದುಕೊಂಡೇ ಹೊರಗೋಡಿಬಂದ.

“ಏ ರಂಡೆ! ನನ್ನ ಡೈನಮೋ ಎಲ್ಲಿಗೆ ಒಯ್ಯಾಕತ್ತಿ?”

“ನಾವು ನಡಕೋತ ಹೊಂಟೇವ್ರಿ. ನಮ್ಮ ಡೈನಮೋನೂ ನಮ್ಮ ಜೋಡಿ ನಡಕೋತ ಬರತೈತಿ.”

ಅವನು ಸೆರಗು ಹಿಡಿದು ಜಗ್ಗಿದ. ಲಗಮವ್ವ ಕೊಸರಿಕೊಂಡು ಹೈವೇ ನಡುವೆ ಹೋದಳು. ಡೈನಮೋ ಇಳಿಸಿ ಅದರ ಮೇಲೆ ಕುಂತಳು. ಪುಣೆ ಕಡೆಯಿಂದ ಬಂದ ಟ್ರಕ್ಕೊಂದು ಕಿರ್ರೆಂದು ನಿಂತಿತು. ಅದರ ಹಿಂದೆ ಇನ್ನೊಂದು. ನಾವು ಸೋಮಪ್ಪನನ್ನು ಎತ್ತಿ ತಂದು ಅವಳ ಬಾಜೂ ಕೂಡ್ರಿಸಿದೆವು. ಅವನು ಬಟ್ಟೆ ಸುತ್ತಿದ ಕಾಲನ್ನು ಡಾಂಬರಿನ ಮೇಲೆ ಚಾಚಿದ. ನಾವೂ ಕುಂತೆವು.

ಸಾವಕಾರ ಬೈಯುತ್ತಲೇ ಇದ್ದ. ಹಾರ್ನುಗಳ ಗದ್ದಲದಲ್ಲಿ ಅವನ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಬೆಳಗಾವಿ ಕಡೆಯಿಂದ ಪೊಲೀಸ್ ಜೀಪು ಬರುತ್ತಿತ್ತು.

ಲಗಮವ್ವ ಸಂಚಿ ಬಿಚ್ಚಿ, ಅಂಗೈಗೆ ತಂಬಾಕು ಹಾಕಿಕೊಂಡು, ಸಾವಕಾಶ ತಿಕ್ಕತೊಡಗಿದಳು.