ಎಣಿಸದೆ ಮುಚ್ಚದ ಅತ್ತಿಗೆ

ನಮ್ಮ ಅತ್ತಿಗೆ ಯಾವುದನ್ನೂ ಎಣಿಸದೆ ಮುಚ್ಚುವವರಲ್ಲ. ಆಪರೇಷನ್ ಥಿಯೇಟರಿನ ನರ್ಸಾಗಿ ಆಯುಷ್ಯದ ಬಹುಭಾಗವನ್ನು ಕತ್ತರಿ, ಇಕ್ಕಳ, ಹತ್ತಿಯುಂಡೆಗಳ ಲೆಕ್ಕದಲ್ಲೇ ಸವೆಸಿದ ಆಕೆ, ನಿವೃತ್ತರಾದ ಮೇಲೂ ಊಟದ ಡಬ್ಬಿಯ ಮುಚ್ಚಳ ಹಾಕುವ ಮುನ್ನ ಚಮಚಗಳನ್ನು ಎಣಿಸುತ್ತಾರೆ. ತುಟಿ ಅಲುಗುತ್ತದೆ, ಎಡಗಾಲು ಮೆಲ್ಲಗೆ ತಾಳ ಹಾಕುತ್ತದೆ. ನಡುವೆ ಯಾರಾದರೂ ಬಾಯಿ ಹಾಕಿದರೋ, ಮತ್ತೆ ಒಂದರಿಂದ ಶುರು. ಅಣ್ಣ ಇದಕ್ಕಾಗಿ ತಲೆ ಚಚ್ಚಿಕೊಂಡದ್ದು ಒಂದೆರಡು ಸಲವಲ್ಲ.

ಈಗ ಆಕೆ ಹಾಸಿಗೆ ಹಿಡಿದವರ ಮನೆಗಳಿಗೆ ತಮ್ಮ ಹಳೆಯ ಕಾರಿನಲ್ಲಿ ಹೋಗಿ ಶುಶ್ರೂಷೆ ಮಾಡುತ್ತಾರೆ. ಸೊಂಟ ಮುರಿದು ತಿಂಗಳುಗಟ್ಟಲೆ ಮಲಗಿದ್ದ ಬಡಗಿಯೊಬ್ಬರು ಅಂದು ಸಂಜೆ ಮೊದಲ ಸಲ ಎದ್ದು ನಿಲ್ಲಬೇಕಿತ್ತು; ಅತ್ತಿಗೆ ಪಕ್ಕದಲ್ಲಿದ್ದರೆ ಮಾತ್ರ ನಿಲ್ಲುವೆನೆಂದು ಹಟ ಹಿಡಿದಿದ್ದರು. ಸರಿಯಾಗಿ ಅದೇ ದಿನ ಕಾರು ಕೈಕೊಟ್ಟಿತು. ಕೀಲಿ ತಿರುಗಿಸಿದರೆ ಟಕ್ ಎಂದೊಂದು ಸದ್ದು, ಆಮೇಲೆ ಮೌನ. ಕೆಲವು ದಿನಗಳಿಂದ ಮುಲುಗುತ್ತಿದ್ದ ಸ್ಟಾರ್ಟರ್ ಮೋಟಾರಿಗೆ ಬದಲಿಯನ್ನೇನೋ ತಂದಿಟ್ಟಿದ್ದರು. ಗ್ಯಾರೇಜಿಗೆ ಮಾತ್ರ ರಜೆ.

ಅತ್ತಿಗೆ ಥಿಯೇಟರಿನ ಕಾಲದ ಮಾಸಿದ ಹಸಿರು ಕೋಟು ತೊಟ್ಟರು. ಉಂಗುರ, ಗಡಿಯಾರ ಬಿಚ್ಚಿಟ್ಟು, ಮಧ್ಯಾಹ್ನವಷ್ಟೇ ಓಡಿ ಬಂದಿದ್ದ ಇಂಜಿನ್ ತಣ್ಣಗಾಗುವವರೆಗೆ ಕಾದು, ಚಕ್ರಗಳಿಗೆ ಕಲ್ಲು ಕೊಟ್ಟು, ಮೋಟಾರನ್ನು ಮುಟ್ಟುವ ಮೊದಲೇ ಬ್ಯಾಟರಿಯ ಮೈನಸ್ ತಂತಿ ಕಳಚಿ ಅದರ ತುದಿಗೆ ಬಟ್ಟೆ ಸುತ್ತಿದರು. ಸ್ಪ್ಯಾನರುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹರಡಿ ಎಣಿಸಿದರು. ಪುಣ್ಯಕ್ಕೆ ಮೋಟಾರು ಮೇಲಿನಿಂದಲೇ ಕೈಗೆಟುಕುತ್ತಿತ್ತು, ಕಾರಿನಡಿ ತೂರುವ ಪ್ರಮೇಯ ಬರಲಿಲ್ಲ. ಹಳೆಯದು ಹುಳುಕು ಹಲ್ಲಿನಂತೆ ಸತಾಯಿಸಿ ಕೊನೆಗೆ ಹೊರಬಂತು; ಹೊಸದು ಕೂತಿತು.

ಬ್ಯಾಟರಿಯ ತಂತಿ ಸಿಕ್ಕಿಸುವುದಷ್ಟೇ ಬಾಕಿ ಎನ್ನುವಾಗ ನೋಡಿದರೆ, ಒಂದು ಸ್ಪ್ಯಾನರ್ ಕಡಿಮೆ. ಅಷ್ಟರಲ್ಲಿ ಬಡಗಿಯ ಮಗಳ ಫೋನು: ಅಪ್ಪ ಮಂಚದ ಅಂಚಿನಲ್ಲಿ ಕೂತು ಕಾಯುತ್ತಿದ್ದಾರೆ, ಇನ್ನೂ ತಡವಾದರೆ ಮಲಗಿಬಿಡುತ್ತಾರೆ, ನಾಳೆ ಈ ಧೈರ್ಯ ಇರುತ್ತದೋ ಇಲ್ಲವೋ. ಅಣ್ಣನ ಸಹನೆಯ ಕಟ್ಟೆಯೊಡೆಯಿತು.

"ಒಂದು ಸ್ಪ್ಯಾನರ್ ತಾನೆ, ಹೋದ್ರೆ ಹೋಗ್ಲಿ. ತಂತಿ ಸಿಕ್ಸಿ ಹೊರಡು."

"ಒಳಗೇ ಬಿಟ್ಟು ಹೊಲಿಗೆ ಹಾಕಕ್ಕಾಗಲ್ಲ ಕಣ್ರೀ."

ನಾನು ಟಾರ್ಚ್ ಹಿಡಿದು ಬಗ್ಗಿದೆ. ಹೊಸ ಮೋಟಾರಿನ ದಪ್ಪ ತಂತಿ ಕೂರುವ ಬೋಲ್ಟಿಗೂ ಇಂಜಿನ್ನಿನ ಕಬ್ಬಿಣಕ್ಕೂ ನಡುವೆ ಅದು ಅಡ್ಡಲಾಗಿ ಮಲಗಿತ್ತು. ಹಾಗೆಯೇ ಬ್ಯಾಟರಿ ಜೋಡಿಸಿದ್ದರೆ ಕಿಡಿ ಹಾರಿ ಕಾರೇ ಹೊತ್ತಿಕೊಳ್ಳುತ್ತಿತ್ತೇನೋ! ಅಣ್ಣನೇ ಕೈ ತೂರಿಸಿ ಅದನ್ನು ಹೊರತೆಗೆದು ಬಿಳಿ ಬಟ್ಟೆಯ ಮೇಲಿಟ್ಟ. ಅತ್ತಿಗೆಯಾದರೋ ಮತ್ತೆ ಒಂದರಿಂದ ಎಣಿಸಿ ಮುಗಿಸಿ, ತಂತಿ ಜೋಡಿಸಿ, ಕೀಲಿ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಗುಡುಗಿತು. ಕೈ ತೊಳೆದುಕೊಂಡು ಹೊರಟೇಬಿಟ್ಟರು, ಎಣ್ಣೆ ಮೆತ್ತಿದ ಕೋಟು ಬಿಚ್ಚುವುದನ್ನು ಮಾತ್ರ ಮರೆತು.

ಬಡಗಿ ಆ ಕೋಟಿನ ತೋಳು ಹಿಡಿದೇ ಎದ್ದು ನಿಂತರಂತೆ. ಇಂಥವರನ್ನು ನಾವು ನಿಧಾನದವರೆಂದು ಜರೆಯುತ್ತೇವೆ, ಅವರ ಬೆನ್ನ ಹಿಂದೆ ನಗುತ್ತೇವೆ. ಆದರೆ ಮುರಿದ ಸೊಂಟಕ್ಕೆ ಮತ್ತೆ ನೆಲದ ಮೇಲೆ ನಂಬಿಕೆ ಹುಟ್ಟುವುದು ಅವರ ತೋಳು ಸಿಕ್ಕಾಗಲೇ.