ಉದ್ದ ಕಾಲಿನ ಗ್ಲಾಸು

'ಅದರಲ್ಲಿ ಹಾಕಬೇಡಿ' ಎನ್ನಲು ಹೋಗಿ ಅಕ್ಕ ಸೆರಗು ಸರಿಮಾಡಿಕೊಂಡಳು. ಬಾರಿನ ಮಾಲೀಕ ಆಗಲೇ ಕಪಾಟಿನಿಂದ ಉದ್ದ ಕಾಲಿನ ಗ್ಲಾಸು ತೆಗೆದು, ಗ್ಲಾಸು ತಣ್ಣಗಾದ ಮೇಲೆ ಚೆಲ್ಲಲೆಂದು ಐಸ್ ತುಂಬಿ ಕಾಯುತ್ತಿದ್ದ. ಅವಳ ಗಂಡ ಇಪ್ಪತ್ತಾರು ವರ್ಷ ಇದೇ ಕೌಂಟರಿನ ಹಿಂದೆ ನಿಂತು ಕಾಕ್‌ಟೇಲ್ ಬೆರೆಸಿಕೊಟ್ಟವನು. ಬೆಳಿಗ್ಗೆ ಅವನನ್ನು ಮಣ್ಣು ಮಾಡಿ ಎಲ್ಲರೂ ನೇರ ಇಲ್ಲಿಗೇ ಬಂದಿದ್ದರು.

"ಅವನ ಹೆಸರಲ್ಲಿ ಒಂದೊಂದು. ಯಾರೂ ಬೇಡ ಅನ್ನಂಗಿಲ್ಲ," ಎಂದ ಮಾಲೀಕ. "ಯಾರಿಗೆ ಏನು ಅಂತ ಕೇಳೋದೇ ಬೇಡ, ಗ್ಲಾಸು ನೋಡಿ ನೋಡಿ ಬಾಯಿಪಾಠ ಆಗಿದೆ. ಗಿಡ್ಡ ಗ್ಲಾಸಿನ ಕ್ಷೌರಿಕನಿಗೆ ವಿಸ್ಕಿ. ಕಾಲಿರೋ ಗ್ಲಾಸಿನ ಬಡಗಿಗೂ ಡ್ರೈವರಪ್ಪನಿಗೂ ಜಿನ್ನು!"

ಡ್ರೈವರಪ್ಪನೆಂದರೆ ಅಕ್ಕನ ತಮ್ಮ, ಶಾಲೆಯ ಬಸ್ಸು ಓಡಿಸುವವನು. ಅವನು ಕುಡಿತ ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವನ ಮನೆಯಾಚೆ ಅದು ಗೊತ್ತಿದ್ದದ್ದು ಅಕ್ಕ, ಭಾವ ಇಬ್ಬರಿಗೇ. ಈಗ ಅಕ್ಕ ಒಬ್ಬಳಿಗೇ.

*

ಕುಡಿತ ಬಿಟ್ಟ ಹೊಸದರಲ್ಲಿ ತಮ್ಮ ಸಂಜೆಯಾದರೆ ಗೆಳೆಯರ ಮೇಜಿಲ್ಲದೆ ಚಡಪಡಿಸುತ್ತಿದ್ದ. ಹೋದರೆ ಬಡಗಿ ಬಿಡಬೇಕಲ್ಲ! ನಿಂಬೆ ಸೋಡಾ ನೋಡಿ, "ಏನೋ, ಹಾಲಿನ ಬಾಟ್ಲಿ ತರಿಸ್ಲಾ?" ಎಂದು ಮೇಜು ಕುಟ್ಟಿ ನಗುತ್ತಿದ್ದ. ಒಂದು ದಿನ ಅಕ್ಕನ ಗಂಡ ಕಾಲಿನ ಗ್ಲಾಸನ್ನು ಮನೆಗೆ ತಂದು, ಅಡುಗೆಮನೆಯಲ್ಲೇ ಭಾವಮೈದನಿಗೆ ಪಾಠ ಶುರುಮಾಡಿದ.

"ಕಾಲು ಹಿಡ್ಕೋ. ಕುಡಿಯೋವಾಗ ಇದರಲ್ಲಿ ಐಸ್ ಇರಲ್ಲ, ಮೇಲೆ ಹಿಡಿದ್ರೆ ಕೈ ಬಿಸಿಗೆ ಒಳಗಿನದು ಕೆಡುತ್ತೆ."

"ನಿಂಬೆ ನೀರೂ ಕೆಡುತ್ತಾ ಭಾವ?"

"ನೀರು ಕೆಡಲ್ಲ, ನಾಟಕ ಕೆಡುತ್ತೆ. ಒಂದೊಂದೇ ಗುಟುಕು ಕುಡಿ. ಜನ ಗ್ಲಾಸು ನೋಡ್ತಾರೆ ಕಣೋ, ಮೂಗು ಇಟ್ಟು ಮೂಸಲ್ಲ."

"ಸುಳ್ಳಲ್ವೇನ್ರೀ ಇದು?" ಎಂದಿದ್ದಳು ಅಕ್ಕ.

"ಸುಳ್ಳೇ. ಏನೀಗ? ನೀನು ಮಾತ್ರ ಎಲ್ಲೂ ಬಾಯಿಬಿಡಬೇಡ."

ಮರುದಿನದಿಂದ ಆ ಗ್ಲಾಸಿನಲ್ಲಿ ನಿಂಬೆ ನೀರು ಬರತೊಡಗಿತು; ತಮ್ಮ ಮತ್ತೆ ಕುಡಿತ ಶುರುಮಾಡಿದನೆಂದೇ ಮೇಜಿನವರು ನಂಬಿದರು.

*

ಗ್ಲಾಸು ತಮ್ಮನ ಮುಂದೆ ಬಂತು. ಅಂಚಿನವರೆಗೆ ಜಿನ್ನು. ಅವನು ಮೂರು ಬೆರಳಲ್ಲಿ ಅದರ ಕಾಲು ಹಿಡಿದ. ತನ್ನತ್ತ ಎಳೆದುಕೊಂಡಾಗ ಜಿನ್ನು ತುಳುಕಿ ಬೆರಳ ಮೇಲೆಲ್ಲ ಚೆಲ್ಲಿತು.

"ಎತ್ರೋ!" ಎಂದ ಮಾಲೀಕ.

ತಮ್ಮ ಅಕ್ಕನ ಕಡೆ ನೋಡಿದ. ಅಯ್ಯೋ, ಏನು ಮಾಡಬೇಕು ಅವಳು? ಕೂಗಿದರೆ ತಮ್ಮನ ಮಾನ ಹೋಗುತ್ತದೆ, ಸುಮ್ಮನಿದ್ದರೆ ತಮ್ಮನೇ ಹೋಗುತ್ತಾನೆ. ಗ್ಲಾಸು ಮೇಲೇರಿತು. ಮೂಗಿನ ಹತ್ತಿರ ಬಂದಾಗ ಅವನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು. ಆ ಮುಖ ಅವಳಿಗೆ ಗೊತ್ತು. ಹಳೆಯ ಮುಖ. ಅವಳು ದಡಕ್ಕನೆ ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು.

ಆ ಸದ್ದಿಗೆ ತಮ್ಮ ಕಣ್ಣು ಬಿಟ್ಟ. ಗ್ಲಾಸನ್ನು ಕೆಳಗಿಟ್ಟ.

"ನಾನು ಕುಡಿಯಲ್ಲ. ಬಿಟ್ಟು ಒಂಬತ್ತು ವರ್ಷ ಆಯ್ತು. ಭಾವ ನಂಗೆ ಕೊಡ್ತಿದ್ದದ್ದು ಬರೀ ನಿಂಬೆ ನೀರು."

ಅಕ್ಕ ಬಡಗಿಯ ಬಾಯನ್ನೇ ನೋಡುತ್ತಿದ್ದಳು. ಇವನೇನಾದರೂ ನಕ್ಕರೆ ಕೆನ್ನೆಗೆ ಬಾರಿಸಿಬಿಡೋಣ ಎನ್ನಿಸಿತು.

ಬಡಗಿಯ ಮುಖ ಕೆಂಪಾಗಿತ್ತು. ಅವನ ಗ್ಲಾಸೂ ತುಂಬಿದ ಹಾಗೇ ಇತ್ತು.

"ನಂಗೂ ಅದನ್ನೇ ಕೊಡ್ತಿದ್ನಲ್ಲೋ," ಎಂದ ಮೆಲ್ಲಗೆ. "ಲಿವರ್ ಹೋಗ್ತಿದೆ ಅಂದ್ರು ಡಾಕ್ಟ್ರು. ನಾಕು ವರ್ಷ ಆಯ್ತು. ನೀನು ಆಡ್ಕೊಂಡು ನಗ್ತೀಯ ಅಂತ ಹೆದರಿಕೆ ಕಣೋ."

"ಥೂ ನಿಮ್ಮ!" ಕ್ಷೌರಿಕ ಗಿಡ್ಡ ಗ್ಲಾಸನ್ನು ಮೇಜಿಗೆ ಕುಕ್ಕಿದ. "ನಿಮಗೆ ಜೊತೆ ಇರಲಿ ಅಂತ ನಾನೊಬ್ಬನೇ ಕುಡೀತಿದ್ನೇನ್ರೋ ಇಷ್ಟು ವರ್ಷ!"

ಮೊದಲು ನಕ್ಕವನು ಮಾಲೀಕ. ಆಮೇಲೆ ಎಲ್ಲರೂ. ತಮ್ಮ ನಗುತ್ತ ನಗುತ್ತಲೇ, ಬೆಳಿಗ್ಗೆಯಿಂದ ಬಾರದ ಅಳು ಬಂದು, ಬಿಕ್ಕತೊಡಗಿದ.

ಅಕ್ಕ ಕೌಂಟರಿನ ಮೇಲಿದ್ದ ಬಟ್ಟೆ ಒದ್ದೆ ಮಾಡಿಕೊಂಡು ಬಂದು, ಅವನ ಕೈ ಹಿಡಿದು, ಜಿನ್ನು ಚೆಲ್ಲಿದ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ಮತ್ತೆ ಒರೆಸಿದಳು.