ಮೂರನೇ ಸಲದ ಫೋನ್

ನನ್ನ ಬಾಯಿ ಜೋರು. ಸಂತೆಕಲ್ಲೂರಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಹದಿನೆಂಟು ಹೆಣ್ಣಾಳುಗಳನ್ನು ಬೆಳಕು ಹರಿಯುವ ಮುಂಚೆ ಎಬ್ಬಿಸಿ, ಮಸ್ಕಿ ದಾಟಿಸಿ, ಸಿಂಧನೂರು ಕಡೆಯ ಕ್ಯಾಂಪು ಅನ್ನುವ ನೀರಾವರಿ ಊರುಗಳಿಗೆ ಭತ್ತದ ನಾಟಿಗೆ ಕರೆದೊಯ್ಯುವ ಮೇಸ್ತ್ರಿ ನಾನು, ಕನಕಮ್ಮ. ಮೆತ್ತಗೆ ಮಾತಾಡಿದರೆ ಈ ಕೆಲಸ ಆಗುತ್ತದೆಯೇ? ನಾಟಿಯ ದಿನಗಳಲ್ಲಿ ಯಾರ ಗುಂಪು ಪೂರ್ತಿ ಮೊದಲು ಬಂದಿಳಿಯುತ್ತದೋ ಅವರಿಗೇ ಗದ್ದೆ. ಹತ್ತು ನಿಮಿಷ ತಡವಾದರೆ ಬೇರೆ ಊರಿನವರು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಿರುತ್ತಾರೆ.

ನಮಗೆ ಎರಡು ಆಟೋ. ಮುಂದಿನದು ಸೂಗಪ್ಪ ಮಾವನದು. ಅರವತ್ತು ದಾಟಿದ ಮನುಷ್ಯ, ಮೊಣಕಾಲಿನಿಂದ ಹ್ಯಾಂಡಲ್ ಒತ್ತಿ ಹಿಡಿದು ಎರಡೂ ಕೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುತ್ತಾನೆ. ಕೇಳಿದರೆ, "ಈ ರೋಡು ಮೂವತ್ತು ವರ್ಷದಿಂದ ನನಗ ಗೊತ್ತೈತಿ, ಸುಮ್ನ ಕುಂದ್ರಬೇ" ಅನ್ನುತ್ತಾನೆ. ಹಿಂದಿನದು ವಿರೇಶನದು. ಇಪ್ಪತ್ತೆರಡರ ಹುಡುಗ, ಹ್ಯಾಂಡಲ್ ಮುಂದೆಯೇ ಫೋನ್ ಸಿಗಿಸಿಕೊಂಡಿದ್ದಾನೆ. "ಯಕ್ಕಾ, ನನ್ನ ಕಣ್ಣು ಚುರುಕ ಅದಾವ. ರೀಲ್ಸೂ ಕಾಣ್ತಾವ, ರೋಡೂ ಕಾಣ್ತೈತಿ." ಒಬ್ಬನಿಗೆ ಅನುಭವದ ಸೊಕ್ಕು, ಇನ್ನೊಬ್ಬನಿಗೆ ಪ್ರಾಯದ ಸೊಕ್ಕು. ಇಬ್ಬರಿಗೂ ದಿನಾ ಮಂಗಳಾರತಿ ಮಾಡುತ್ತಿದ್ದೆ.

ಆ ಮಂಗಳವಾರ ಸೂಗಪ್ಪ ಮಾವನ ಆಟೋದಲ್ಲಿ ನಾವು ಮೊದಲು ಮುಟ್ಟಿದೆವು. ವಿರೇಶನ ಪತ್ತೆ ಇಲ್ಲ. ಗದ್ದೆಯ ಯಜಮಾನ ಎರಡು ಸಲ ಗಡಿಯಾರ ನೋಡಿದ. ನಾನು ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದ.

"ಲೇ ಮಂಗ್ಯಾ, ಎಲ್ಲಿ ಸತ್ತಿಯಲೇ?"

"ಬಂದೆ ಯಕ್ಕಾ, ಮಸ್ಕಿ ದಾಟಿ..."

ಅಷ್ಟರಲ್ಲಿ ಹೆಂಗಸರು ಚೀರಿದ್ದು ಕೇಳಿಸಿತು.

ಎದುರಿಗೆ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಆಟೋ ರಸ್ತೆ ಬದಿಯ ತಗ್ಗಿಗೆ ಉರುಳಿತ್ತು. ಒಳಗಿದ್ದ ಒಂಬತ್ತು ಜನರಲ್ಲಿ ಎಂಟು ಮಂದಿಗೆ ತರಚು ಗಾಯ. ಪಂಪಮ್ಮನ ಬಲಗೈ ಮುರಿಯಿತು.

ಮರುದಿನ ಸಂಜೆ ಕಟ್ಟೆಯ ಮೇಲೆ ಜನ ಸೇರಿದರು. ಊರ ಹಿರಿಯ ಬಸವಂತರಾಯ ತೀರ್ಮಾನ ಹೇಳಿಯೇಬಿಟ್ಟ. "ಈ ಹುಡುಗಗ ಮೊಬೈಲ್ ಹುಚ್ಚು. ಇನ್ ಮ್ಯಾಲೆ ಇವನ ಗಾಡಿಗೆ ನಮ್ಮೂರ ಹೆಣ್ಮಕ್ಕಳು ಹತ್ತೂದು ಬ್ಯಾಡ." ವಿರೇಶ ತಲೆ ತಗ್ಗಿಸಿ ನಿಂತಿದ್ದ. ಆಟೋ ನಿಂತರೆ ಅವನ ಮನೆಯ ಒಲೆಯೂ ನಿಂತಂತೆ. ಆದರೂ ಯಾರ ಫೋನ್ ಬಂದಿತ್ತು ಅಂತ ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಷ್ಟು ದೊಡ್ಡ ಬಾಯಿ ಆವತ್ತು ಹೊಲಿದಂತಾಗಿತ್ತು.

ಆಗ ಪ್ಲಾಸ್ಟರ್ ಕಟ್ಟಿದ ಕೈ ಹಿಡಿದುಕೊಂಡು ಪಂಪಮ್ಮ ಎದ್ದಳು.

"ಎರಡು ಸಲ ಬಾರ್ಸಿದ್ರೂ ಅವ ಎತ್ತಲಿಲ್ಲ ರೀ. ಮೂರನೇ ಸಲಕ್ಕ ನಾನಾ ಅಂದೆ, ಎತ್ತಲೇ, ಇಲ್ಲಾಂದ್ರ ಕನಕಕ್ಕ ಚರ್ಮ ಸುಲೀತಾಳ ಅಂತ."

ಕಪಾಳಕ್ಕೆ ಹೊಡೆದಂತಾಯಿತು. ರೀಲ್ಸ್ ಅಲ್ಲ, ತಂಬಾಕಲ್ಲ. ನನ್ನ ಬೈಗುಳದ ಹೆದರಿಕೆ ಆ ಹುಡುಗನ ಕಣ್ಣನ್ನು ರಸ್ತೆಯಿಂದ ಕಿತ್ತಿತ್ತು. ಎದ್ದು ನಿಂತೆ.

"ಫೋನ್ ಮಾಡಿದಾಕಿ ನಾನು. ಬಿಡಿಸೂದಾದ್ರ ಮೊದ್ಲ ನನ್ನ ಮೇಸ್ತ್ರಿಕಿ ಬಿಡಿಸ್ರಿ. ಇಲ್ಲಾಂದ್ರ ಕೇಳ್ರಿ. ನಾಳಿಂದ ಗಾಡಿ ಚಾಲೂ ಆಗೂ ಮುಂಚೆ ಇವನ ಫೋನು, ಮಾವನ ತಂಬಾಕಿನ ಡಬ್ಬಿ, ಎರಡೂ ಹಿಂದ ಕುಂತ ಹೆಣ್ಮಕ್ಕಳ ಚೀಲದಾಗ. ದಾರ್ಯಾಗ ಇರೂತನ ನಾನು ಫೋನ್ ಹಚ್ಚಂಗಿಲ್ಲ. ಗದ್ದಿ ಹೋದ್ರ ಹೋಗ್ಲಿ."

"ನಂದ್ಯಾಕಬೇ? ನನಗೇನಾಗೈತಿ?" ಎಂದ ಸೂಗಪ್ಪ ಮಾವ.

"ಇನ್ನೂ ಆಗಿಲ್ಲಂತನ ಇಸ್ಕೊಳ್ಳಾಕತ್ತೀನಿ, ಕೊಡ್ರಿ."

ಜನ ನಕ್ಕರು. ಬಸವಂತರಾಯ ಮೀಸೆ ತೀಡಿಕೊಂಡು ಒಪ್ಪಿದ.

ಮುಂದಿನ ವಾರವೇ ಪರೀಕ್ಷೆ ಬಂತು. ನಾವು ಗದ್ದೆಯ ಬದುವಿನ ಮೇಲೆ, ವಿರೇಶ ಇನ್ನೂ ದಾರಿಯಲ್ಲಿ. ಪಕ್ಕದಲ್ಲೇ ಗುರುಗುಂಟಾ ಊರಿನ ಗುಂಪು ಕೆಲಸಕ್ಕೆ ಕಾಯುತ್ತಿತ್ತು.

"ಒಂದು ಫೋನ್ ಮಾಡಿ ನೋಡಮ್ಮಾ" ಎಂದ ಯಜಮಾನ.

ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಕೈ ವಾಪಸ್ ತೆಗೆದೆ.

"ಮಾಡಂಗಿಲ್ಲ ರೀ. ಅವ ಗಾಡಿ ಹೊಡಿಯಾಕತ್ತಾನ. ಚೀಲದಾಗ ಬಾರ್ಸಿದ್ರೂ ಅವನ ಜೀವ ಅತ್ತಾಗ ಹೋಗ್ತೈತಿ."

ಯಜಮಾನ ಭುಜ ಕುಣಿಸಿ ಗುರುಗುಂಟಾದವರಿಗೆ ಕೈ ಮಾಡಿದ. ಅವರು ನಮ್ಮ ಕಣ್ಣೆದುರೇ ಕೆಸರಿಗೆ ಇಳಿದರು.

ಅರ್ಧ ಗಂಟೆಯ ಮೇಲೆ ಆಟೋ ಬಂತು. ಟಯರ್ ಪಂಕ್ಚರ್ ಆಗಿತ್ತಂತೆ. ಪಂಪಮ್ಮ ಒಬ್ಬಳನ್ನು ಬಿಟ್ಟು ಎಂಟೂ ಮಂದಿ ಸೀರೆ ಕೊಡವಿಕೊಂಡು ಇಳಿದರು, ಹೋದ ಗದ್ದೆಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ವಿರೇಶ ಸೀಟಿನ ಮೇಲೆಯೇ ಮುದುಡಿ ಕುಳಿತಿದ್ದ. ಇಂಜಿನ್ ಇನ್ನೂ ಗುಡುಗುಡು ಅನ್ನುತ್ತಿತ್ತು.

"ಬೈಯಂಗಿಲ್ಲೇನ್ ಯಕ್ಕಾ?"

"ಬೈತೀನಿ" ಅಂದೆ. "ಮೊದ್ಲ ಗಾಡಿ ಬಂದ್ ಮಾಡು."